ಮೀಟರ್ ಬೋರ್ಡಿನ ಪಕ್ಕ: ಬಿಲ್ ಸೊನ್ನೆ ಇರುವವರಿಗೆ ಸೋಲಾರ್ ಬೇಕಾ?

ಕಳೆದ ಸಂಚಿಕೆಯಲ್ಲಿ ಮನೆ ಮೇಲಿನ ಸೋಲಾರ್‌ಗೆ ಸಿಗುವ ಸಬ್ಸಿಡಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ಸಂಪಾದಕರು ಒಂದು ದೊಡ್ಡ ಕವರಿಗೆ ತುರುಕಿ ತಿಪಟೂರಿಗೆ ಕಳಿಸಿದ್ದಾರೆ. ಹೊಸಬರಿಗೆ ಒಂದು ಮಾತು: ನಾನು 33 ವರ್ಷ ಕರೆಂಟ್ ಕೆಲಸದಲ್ಲಿ ಇದ್ದು ಈಗ ಮನೆಯಲ್ಲಿ ಇರುವವನು. ಕಂಬ, ಮೀಟರ್, ಬಿಲ್ ನನಗೆ ಗೊತ್ತು. ಟ್ಯಾಕ್ಸ್ ವಿಷಯವನ್ನು ಮಾತ್ರ ನಮ್ಮ ಬೀದಿಯ ಆಡಿಟರ್ ಹತ್ತಿರ ಎರಡು ಸಂಜೆ ಕೂತು ಸರಿ ನೋಡಿಸಿಕೊಂಡು ಬರೆದಿದ್ದೇನೆ. ಕಾಫಿ ಅವರದೇ.

ನಾನು ನಿವೃತ್ತ ಶಿಕ್ಷಕಿ. ಮನೆಯಲ್ಲಿ ನಾವಿಬ್ಬರೇ. ಗೃಹಜ್ಯೋತಿಯಿಂದ ಹೆಚ್ಚಿನ ತಿಂಗಳು ಬಿಲ್ ಸೊನ್ನೆ. ಬೇಸಿಗೆಯಲ್ಲಿ ಮೊಮ್ಮಕ್ಕಳು ಬಂದಾಗ ಮಾತ್ರ 215 ಯೂನಿಟ್ ದಾಟಿ 1,600 ರೂಪಾಯಿ ಮೇಲೆ ಬರುತ್ತದೆ. ಸೋಲಾರ್ ಅಂಗಡಿಯವರು "78,000 ಸರ್ಕಾರ ಫ್ರೀ ಕೊಡುತ್ತೆ, ಬಿಡಬೇಡಿ" ಎಂದು ಮೂರು ಸಲ ಮನೆಗೆ ಬಂದಿದ್ದಾರೆ. ಹಾಕಿಸಲಾ? — ಅರಸೀಕೆರೆಯ ಓದುಗರು

ಮೇಡಂ, ಈಗ ಬೇಡ.

78,000 ಸಿಗುವುದು ನಿಜ. ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಆದರೆ 3 ಕಿಲೋವ್ಯಾಟ್ ಹಾಕಿಸಲು ಸುಮಾರು ಎರಡು ಲಕ್ಷ ಬೇಕು. ಸಬ್ಸಿಡಿ ಬಂದ ಮೇಲೂ ನಿಮ್ಮ ಕೈಯಿಂದ 1,20,000 ಹೋಗುತ್ತದೆ. ಅದು ಎಲ್ಲಿಂದ ವಾಪಸ್ ಬರಬೇಕು? ಬಿಲ್ಲಿನಿಂದ ತಾನೇ? ನಿಮ್ಮ ಬಿಲ್ಲೇ ಸೊನ್ನೆ. ಸೊನ್ನೆಯಲ್ಲಿ ಉಳಿಸುವುದು ಏನಿದೆ?

"ಜಾಸ್ತಿ ಆದ ಕರೆಂಟ್ ಮಾರಬಹುದು" ಎಂದೂ ಹೇಳಿರುತ್ತಾರೆ. ಮಾರಬಹುದು. ಆದರೆ ನಾವು ಕೊಳ್ಳುವ ದರಕ್ಕೆ ಅವರು ಕೊಳ್ಳುವುದಿಲ್ಲ. ಲೈನಿಗೆ ಹೋದ ಹೆಚ್ಚುವರಿ ಯೂನಿಟ್‌ಗೆ ಸಿಗುವುದು ನಾವು ಕಟ್ಟುವ ದರಕ್ಕಿಂತ ಬಹಳ ಕಡಿಮೆ. ಅದನ್ನು ನಂಬಿಕೊಂಡು ಲಕ್ಷ ಹಾಕುವುದು ಬೇಡ.

ನಿಮಗೆ ನಿಜವಾಗಿ ನೋವು ಕೊಡುತ್ತಿರುವುದು ಆ 215. ಗೃಹಜ್ಯೋತಿ ಲೆಕ್ಕ ಹೀಗಿದೆ: 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದಕ್ಕೆ 10 ಪರ್ಸೆಂಟ್ ಸೇರಿಸಿದಷ್ಟು ನಿಮ್ಮ ಉಚಿತ ಮಿತಿ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಮಾತ್ರ ಪರ್ಸೆಂಟ್ ಬದಲು 10 ಯೂನಿಟ್ ಸೇರುತ್ತದೆ. ಅದನ್ನು ದಾಟಿ 200ರ ಒಳಗೆ ಇದ್ದರೆ ದಾಟಿದ್ದಕ್ಕಷ್ಟೇ ದುಡ್ಡು. 200 ದಾಟಿತೋ, ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್. ಅಂದರೆ ನಿಮ್ಮ ಕೊನೆಯ 15 ಯೂನಿಟ್ ಬೆಲೆ ನೂರು ರೂಪಾಯಿ ಅಲ್ಲ, ಸಾವಿರದ ಮೇಲೆ!

ಆ ಹದಿನೈದನ್ನು ಹಿಡಿಯಲು ಟೆರೇಸ್ ಹತ್ತಬೇಕಿಲ್ಲ, ತಲೆ ಎತ್ತಿ ಫ್ಯಾನ್ ನೋಡಿದರೆ ಸಾಕು. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ. ಈಗಿನ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ಬೇಸಿಗೆಯಲ್ಲಿ ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಹಾಲಿಗೊಂದು, ಮೊಮ್ಮಕ್ಕಳು ಮಲಗುವ ರೂಮಿಗೊಂದು ಬದಲಾಯಿಸಿ. 215 ಇದ್ದದ್ದು 183ಕ್ಕೆ ಇಳಿಯುತ್ತದೆ. ಖರ್ಚು ಎರಡಕ್ಕೂ ಸೇರಿ ಆರು ಸಾವಿರದ ಆಸುಪಾಸು. ಇದಕ್ಕೆ ಸರ್ಕಾರದ ಸಬ್ಸಿಡಿ ಏನೂ ಇಲ್ಲ, ಅದಕ್ಕೇ ಯಾರೂ ನಿಮ್ಮ ಮನೆ ಬಾಗಿಲಿಗೆ ಬಂದು ಹೇಳುವುದಿಲ್ಲ.

ಗೃಹಜ್ಯೋತಿ ಒಂದು ದಿನ ನಿಂತರೆ? ಆಗ ಲೆಕ್ಕ ಬದಲಾಗುತ್ತದೆ, ಒಪ್ಪುತ್ತೇನೆ. ಸೂರ್ಯ ಘರ್ ಯೋಜನೆ ಈಗಿರುವಂತೆ 2026-27ರ ಆರ್ಥಿಕ ವರ್ಷದವರೆಗೆ. ಅಷ್ಟರೊಳಗೆ ಮಗ-ಸೊಸೆ ಊರಿಗೇ ಬಂದು ನೆಲೆಸುತ್ತಾರೆ, ಎಸಿ ಬರುತ್ತದೆ ಅನ್ನುವ ಹಾಗಿದ್ದರೆ ಇನ್ನೊಂದು ಪತ್ರ ಬರೆಯಿರಿ. ಅಂಗಡಿಯವರು ನಾಲ್ಕನೇ ಸಲ ಬಂದರೆ ಮಜ್ಜಿಗೆ ಕೊಟ್ಟು ಕಳಿಸಿ.

ನಮ್ಮದು ಎಂಟು ಜನರ ಮನೆ, ತಿಂಗಳಿಗೆ 400 ಯೂನಿಟ್. ಸೋಲಾರ್ ಹಾಕಿಸುವುದು ಖಾತ್ರಿ. ಆದರೆ ಮೀಟರ್ ನಮ್ಮ ತಂದೆಯವರ ಹೆಸರಲ್ಲಿದೆ. ಅವರು ತೀರಿಕೊಂಡು ಆರು ವರ್ಷ ಆಯಿತು. ತೊಂದರೆ ಇದೆಯಾ? — ದಾವಣಗೆರೆಯ ಓದುಗರು

ಇದೆ ಸ್ವಾಮಿ. ಮೊದಲು ಅದನ್ನೇ ಸರಿ ಮಾಡಿಸಿ. ಪ್ಯಾನೆಲ್ ಯಾವುದು, ಇನ್ವರ್ಟರ್ ಯಾವುದು ಎಲ್ಲ ಆಮೇಲೆ.

ನಮ್ಮ ಕಡೆ ಮನೆ ಯಜಮಾನರು ಹೋದ ಮೇಲೆ ಖಾತೆ ಬದಲಾಯಿಸುತ್ತಾರೆ, ರೇಷನ್ ಕಾರ್ಡ್ ಬದಲಾಯಿಸುತ್ತಾರೆ, ಕರೆಂಟ್ ಬಿಲ್ ಮಾತ್ರ ಅವರ ಹೆಸರಲ್ಲೇ ಬರುತ್ತಿರುತ್ತದೆ. ದುಡ್ಡು ಕಟ್ಟಿದರೆ ಸಾಕು, ಲೈನ್ ಕಟ್ ಮಾಡುವುದಿಲ್ಲ. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತೀರಿಹೋಗಿ ಇಪ್ಪತ್ತು ವರ್ಷ ಆದವರಿಗೆ ನಾನೇ ಪ್ರತಿ ತಿಂಗಳು ಬಿಲ್ ಕೊಡಿಸಿದ್ದೇನೆ. ಸಬ್ಸಿಡಿ ವಿಷಯದಲ್ಲಿ ಹಾಗೆ ನಡೆಯುವುದಿಲ್ಲ. ಅರ್ಜಿ ಹಾಕುವವರ ಹೆಸರು, ಬಿಲ್ಲಿನ ಹೆಸರು, ದುಡ್ಡು ಜಮಾ ಆಗುವ ಬ್ಯಾಂಕ್ ಖಾತೆಯ ಹೆಸರು ಮೂರೂ ಒಬ್ಬರದೇ ಆಗಿರಬೇಕು. ಬಿಲ್ಲಲ್ಲಿ "ಹೆಚ್. ಬಸಪ್ಪ", ಆಧಾರಲ್ಲಿ "ಬಸವರಾಜಪ್ಪ ಹೆಚ್" ಅನ್ನುವಂಥ ವ್ಯತ್ಯಾಸ ಕೂಡ ತಲೆನೋವು ತರುತ್ತದೆ.

ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣತಮ್ಮಂದಿರು ಅಕ್ಕತಂಗಿಯರ ಒಪ್ಪಿಗೆ ಪತ್ರ, ಮನೆ ಕಂದಾಯದ ರಸೀದಿ ಹಿಡಿದು ನಿಮ್ಮ ಸಬ್‌ಡಿವಿಷನ್ ಆಫೀಸಿಗೆ ಹೋಗಿ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದೇ ದೊಡ್ಡ ಕೆಲಸ ಎಂದು ಗೊತ್ತು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಊಟಕ್ಕೆ ಮೊದಲೇ ಮುಗಿಸಿಬಿಡಿ.

ಆಮೇಲೆ ಪಿಎಂ ಸೂರ್ಯ ಘರ್ ಪೋರ್ಟಲ್‌ನಲ್ಲಿ ಅರ್ಜಿ. ಬಿಲ್ ಮೇಲಿರುವ ಗ್ರಾಹಕರ ನಂಬರ್ ಬೇಕು. 10 ಕಿಲೋವ್ಯಾಟ್‌ವರೆಗೆ ಈಗ "ಆಗುತ್ತದಾ ಇಲ್ಲವಾ" ಎಂದು ಯಾರೂ ಪರೀಕ್ಷೆ ಮಾಡುವ ಅಗತ್ಯವಿಲ್ಲ, ಒಪ್ಪಿದಂತೆಯೇ ಲೆಕ್ಕ. ಅದೇ ಪೋರ್ಟಲ್‌ನಲ್ಲಿ ನೋಂದಾಯಿಸಿದ ಕಂಪನಿಯಿಂದಲೇ ಹಾಕಿಸಬೇಕು. ಪರಿಚಯದ ಎಲೆಕ್ಟ್ರಿಷಿಯನ್ ಎಷ್ಟೇ ಒಳ್ಳೆಯವನಾಗಿದ್ದರೂ ಅವನಿಂದ ಹಾಕಿಸಿದರೆ ಸಬ್ಸಿಡಿ ಇಲ್ಲ. ಹಾಕಿಸಿ, ನೆಟ್ ಮೀಟರ್ (ಲೈನಿಂದ ಬಂದ ಯೂನಿಟ್, ಲೈನಿಗೆ ಹೋದ ಯೂನಿಟ್ ಎರಡನ್ನೂ ಅಳೆಯುವ ಮೀಟರ್) ಬಂದು, ತಪಾಸಣೆ ಆಗಿ, ವರದಿ ಪೋರ್ಟಲ್‌ಗೆ ಏರಿದ ಮೇಲೆ ನಿಮ್ಮ ಖಾತೆಗೆ ದುಡ್ಡು. ಅಲ್ಲಿಯವರೆಗೆ ಪೂರ್ತಿ ಹಣ ನೀವೇ ಹೊಂದಿಸಿಕೊಂಡಿರಬೇಕು. ಇಲ್ಲದಿದ್ದರೆ 3 ಕಿಲೋವ್ಯಾಟ್‌ವರೆಗೆ ಅಡಮಾನ ಇಲ್ಲದ ಸಾಲ ಇದೆ. ಬಡ್ಡಿ ರಿಸರ್ವ್ ಬ್ಯಾಂಕಿನ ರೆಪೋ ದರದ ಮೇಲೆ ಅರ್ಧ ಪರ್ಸೆಂಟ್ ಲೆಕ್ಕದಲ್ಲಿ.

ಎರಡು ಕಡೆ ಕಣ್ಣಿಟ್ಟಿರಿ. ಒಂದು, ಕೊಟೇಶನ್‌ನಲ್ಲಿ "ಡಿಸಿಆರ್ ಪ್ಯಾನೆಲ್" ಎಂದು ಬರೆಸಿಕೊಳ್ಳಿ. ಸೆಲ್ಲೂ ಪ್ಯಾನೆಲ್ಲೂ ಎರಡೂ ಭಾರತದಲ್ಲೇ ತಯಾರಾದದ್ದು ಎಂದರ್ಥ. ಅದಕ್ಕೆ ಮಾತ್ರ ಸಬ್ಸಿಡಿ. ಡಿಸಿಆರ್ ಅಲ್ಲದ್ದು ಅಗ್ಗ. ನನ್ನ ಭಾವಮೈದುನನಿಗೆ ಹೀಗೇ ಅಗ್ಗದ ಮಾಲು ಇಳಿಸಲು ಬಂದಿದ್ದರು. ಅದೃಷ್ಟಕ್ಕೆ ನಾನು ಅಲ್ಲೇ ಇದ್ದೆ. ಪ್ಯಾನೆಲ್‌ಗಳು ಇನ್ನೂ ಆಟೋದಲ್ಲಿದ್ದವು. ಹಿಂದೆ ತಿರುಗಿಸಿ ಸ್ಟಿಕ್ಕರ್ ಓದಿದೆ. ಸೀರಿಯಲ್ ನಂಬರ್ ಇತ್ತು, ಬಿಲ್ಲಲ್ಲಿ ಬರೆದಿದ್ದ ನಂಬರ್ ಬೇರೆ ಇತ್ತು. ಕೇಳಿದರೆ ಹುಡುಗ "ಗೋಡೌನಲ್ಲಿ ಅದಲು ಬದಲು ಆಗಿದೆ ಸಾರ್" ಅಂದ. ಆಗಿರಬಹುದು. ಆಟೋ ವಾಪಸ್ ಹೋಯಿತು, ಒಂದು ವಾರಕ್ಕೆ ಸರಿಯಾದದ್ದು ಬಂತು. ಮೇಲೆ ಹತ್ತಿಸಿ ಬೋಲ್ಟ್ ಹಾಕಿದ ಮೇಲೆ ಆ ಸ್ಟಿಕ್ಕರ್ ಓದಬೇಕೆಂದರೆ ಪ್ಯಾನೆಲ್ ಕೆಳಗೆ ಅಂಗಾತ ಮಲಗಬೇಕು. ಹಾಗಾಗಿ ಇಳಿಸುವಾಗಲೇ ಓದಿ, ಫೋನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಎರಡನೆಯದು ಸ್ಯಾಂಕ್ಷನ್ ಲೋಡ್, ಅಂದರೆ ನಿಮ್ಮ ಸಂಪರ್ಕಕ್ಕೆ ಮಂಜೂರಾದ ಕಿಲೋವ್ಯಾಟ್. ನಿಮ್ಮದು 2 ಕಿಲೋವ್ಯಾಟ್ ಇದ್ದು 3 ಹಾಕಿಸಿದರೆ ಲೋಡನ್ನೂ ಏರಿಸುತ್ತಾರೆ. ಪ್ರತಿ ತಿಂಗಳ ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಇರುವುದರಿಂದ ಅದೂ ಏರುತ್ತದೆ. ಸೋಲಾರ್ ಎಷ್ಟೇ ಕರೆಂಟ್ ಕೊಟ್ಟರೂ ಆ ಶುಲ್ಕ ಹೋಗುವುದಿಲ್ಲ. "ಬಿಲ್ಲೇ ಬರಲ್ಲ" ಅಂದವರ ಮಾತು ಅಷ್ಟಕ್ಕಷ್ಟೇ.

ಹೀಗಿದ್ದೂ ನಿಮಗೆ ಇದು ಒಳ್ಳೆಯ ವ್ಯವಹಾರ. ನಮ್ಮ ರಾಜ್ಯದಲ್ಲಿ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಮೂರಕ್ಕೆ ತಿಂಗಳಿಗೆ 360. ಯೂನಿಟ್‌ಗೆ ಹತ್ತಿರಹತ್ತಿರ 6 ರೂಪಾಯಿ, ಅದರ ಮೇಲೆ 9 ಪರ್ಸೆಂಟ್ ತೆರಿಗೆ. ತಿಂಗಳಿಗೆ 2,200 ಉಳಿದರೂ ನಿಮ್ಮ 1,20,000 ಐದು ವರ್ಷದೊಳಗೆ ವಾಪಸ್. ಟೆರೇಸ್ ಮೇಲೆ 300 ಚದರಡಿ ನೆರಳಿಲ್ಲದ ಜಾಗ ಬೇಕು. ಹಪ್ಪಳ ಒಣಗಿಸುವವರ ಹತ್ತಿರ ಈಗಲೇ ಮಾತಾಡಿಕೊಳ್ಳಿ.

ಇನ್ನೊಂದು ಸಣ್ಣ ಲಾಭ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ಹಾಕಿಸುವ ಕೆಲಸವೂ ಸೇರಿದ ಕಾಂಟ್ರಾಕ್ಟ್‌ಗೆ ಮೊದಲು ಒಟ್ಟಾರೆ 13.8 ಪರ್ಸೆಂಟ್ ಬೀಳುತ್ತಿತ್ತು, ಈಗ 8.9. ಹಳೆ ಕೊಟೇಶನ್ ತೋರಿಸಿದರೆ ಹೊಸದು ಕೇಳಿ.

ಸೋಲಾರ್ ವಾಟರ್ ಹೀಟರ್ ಇದ್ದರೆ ಕರೆಂಟ್ ಬಿಲ್ಲಲ್ಲಿ ರಿಯಾಯಿತಿ ಇದೆಯಂತೆ, ಹೌದಾ? ನಮಗೆ ಬಂದೇ ಇಲ್ಲ. — ತುಮಕೂರಿನ ಓದುಗರು

ಈ ಪ್ರಶ್ನೆ ಬರಬಾರದು ಅಂದುಕೊಂಡಿದ್ದೆ.

ಇದೆ. ಮನೆ ಬಳಕೆಯ ಸಂಪರ್ಕಕ್ಕೆ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಅಂದರೆ ನೂರು ಯೂನಿಟ್ ಬಳಸಿದರೆ ಪೂರ್ತಿ 50. ಅದು ತಾನಾಗಿ ಬರುವುದಿಲ್ಲ. ಹೀಟರ್ ಇದೆ, ಬಳಸುತ್ತಿದ್ದೇವೆ ಎಂದು ಅರ್ಜಿ ಕೊಟ್ಟು, ಅವರು ಬಂದು ನೋಡಿ, ಬಿಲ್ಲಿಂಗ್ ಲೆಕ್ಕದಲ್ಲಿ ಗುರುತು ಹಾಕಿದ ಮೇಲೇ.

ನಮ್ಮ ಮನೆಗೆ 2009ರಲ್ಲಿ ಹೀಟರ್ ಹಾಕಿಸಿದೆ. ಊರವರ ಅರ್ಜಿಗಳಿಗೆಲ್ಲ ನಾನೇ ಸಹಿ ಹಾಕುತ್ತಿದ್ದೆ. ನನ್ನ ಮನೆಯ ಅರ್ಜಿ ಮಾತ್ರ ಮೇಜಿನ ಡ್ರಾಯರ್‌ನಲ್ಲೇ ಇತ್ತು. ನಾಳೆ ಕೊಟ್ಟರಾಯಿತು, ನಮ್ಮದೇ ಆಫೀಸು ತಾನೇ! ರಿಟೈರ್ ಆದಮೇಲೆ 2020ರ ಲಾಕ್‌ಡೌನ್‌ನಲ್ಲಿ ಹಳೆ ಬಿಲ್‌ಗಳನ್ನು ಜೋಡಿಸುತ್ತಿದ್ದಾಗ ನನ್ನ ಹೆಂಡತಿ "ಪಕ್ಕದ ಮನೆ ಬಿಲ್ಲಲ್ಲಿ ಸೋಲಾರ್ ರಿಬೇಟ್ ಅಂತ ಒಂದು ಸಾಲು ಇದೆ, ನಮ್ಮದರಲ್ಲಿ ಯಾಕಿಲ್ಲ?" ಅಂದಳು. ವರ್ಷಕ್ಕೆ 600, ಹನ್ನೊಂದು ವರ್ಷಕ್ಕೆ 6,600. ಅವಳು ಲೆಕ್ಕವನ್ನು ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದಾಳೆ. ಹಿಂದಿನದಕ್ಕೆ ಯಾರೂ ಕೊಡಲಿಲ್ಲ. ಕೇಳಲು ನನಗೂ ಮುಖವಿರಲಿಲ್ಲ.

ನೀವು ನಾಳೆಯೇ ಕೊಡಿ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಇರುವ ತಿಂಗಳು ಈ 50ರಿಂದ ವಿಶೇಷವೇನೂ ಆಗುವುದಿಲ್ಲ, ಅದೂ ಗೊತ್ತಿರಲಿ. ನಿಮ್ಮ ಊರಿನ ಬೋರ್‌ವೆಲ್ ನೀರಿಗೆ ತಾಮ್ರದ ಪೈಪಿನ ಪ್ಯಾನೆಲ್‌ಗಿಂತ ಗಾಜಿನ ಟ್ಯೂಬಿನದು ವಾಸಿ. ಉಪ್ಪು ಕಟ್ಟಿದರೆ ಟ್ಯೂಬ್ ಬಿಚ್ಚಿ ತೊಳೆಯಬಹುದು.

ಮನೆ ರಿಪೇರಿಗೆ 6 ಲಕ್ಷ ಬ್ಯಾಂಕ್ ಸಾಲ ತೆಗೆದಿದ್ದೇನೆ. ತಾರಸಿಗೆ ಬಿಸಿಲು ತಡೆಯುವ ಹೆಂಚು, ಡಬಲ್ ಗಾಜಿನ ಕಿಟಕಿ, ಸೋಲಾರ್ ಎಲ್ಲ ಅದರಲ್ಲೇ. ಇನ್‌ಕಂ ಟ್ಯಾಕ್ಸ್‌ನಲ್ಲಿ ಏನು ವಿನಾಯಿತಿ? — ಮೈಸೂರಿನ ಓದುಗರು, ಖಾಸಗಿ ಕಂಪನಿ ನೌಕರರು

ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಸಂಬಳದಾರರು ವಾಸದ ಮನೆಯಲ್ಲಿ ಕರೆಂಟ್ ಉಳಿಸುವ ಕೆಲಸ ಮಾಡಿದರು ಎನ್ನುವುದಕ್ಕೇ ಮೀಸಲಾದ ವಿನಾಯಿತಿ ನಮ್ಮ ಆದಾಯ ತೆರಿಗೆಯಲ್ಲಿ ಇಲ್ಲ. ಇರುವುದು ರಿಪೇರಿ ಸಾಲದ ಬಡ್ಡಿಗೆ: ನೀವೇ ವಾಸಿಸುವ ಮನೆಯಾದರೆ ವರ್ಷಕ್ಕೆ 30,000 ರೂಪಾಯಿವರೆಗೆ, ಸೆಕ್ಷನ್ 24(ಬಿ) ಕೆಳಗೆ. ಅದೂ ಹಳೆ ಪದ್ಧತಿಯಲ್ಲಿ ರಿಟರ್ನ್ ಹಾಕುವವರಿಗೆ. ಹೊಸ ಪದ್ಧತಿಯಲ್ಲಿದ್ದರೆ ಅದೂ ಇಲ್ಲ. ಅಸಲು ಕಟ್ಟಿದ್ದನ್ನು 80ಸಿಗೆ ಸೇರಿಸಬಹುದು ಎಂದು ಯಾರಾದರೂ ಹೇಳಿದರೆ ಅದು ತಪ್ಪು. ಅದು ಕೊಳ್ಳುವುದಕ್ಕೆ, ಕಟ್ಟುವುದಕ್ಕೆ. ಕಟ್ಟಿ ಮುಗಿದ ಮನೆಯ ರಿಪೇರಿಗೆ ಅಲ್ಲ.

ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿದ್ದರೆ ಕತೆ ಬೇರೆ. ಬಾಡಿಗೆ ಭಾಗಕ್ಕೆ ಬಳಸಿದ ಸಾಲದ ಬಡ್ಡಿಯನ್ನು ಬಾಡಿಗೆ ಆದಾಯದಿಂದ ಕಳೆಯಬಹುದು, ಹೊಸ ಪದ್ಧತಿಯಲ್ಲೂ. ಬಿಲ್‌ಗಳನ್ನೆಲ್ಲ ಒಂದು ಫೈಲಿಗೆ ಹಾಕಿಡಿ. ಮುಂದೆ ಮನೆ ಮಾರಿದರೆ ಮನೆಯನ್ನು ಉತ್ತಮಗೊಳಿಸಿದ ಖರ್ಚು ಲಾಭದ ಲೆಕ್ಕದಲ್ಲಿ ಕಳೆಯಲು ಬರುತ್ತದೆ. ಬರೀ ಸುಣ್ಣಬಣ್ಣ ಅದಕ್ಕೆ ಬರುವುದಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ಸೆಕ್ಷನ್ ನಂಬರ್‌ಗಳೆಲ್ಲ ಬೇರೆ ಆಗುತ್ತವೆ. ನಮ್ಮ ಆಡಿಟರ್ ಈಗಲೇ ಹಳೆ ನಂಬರ್, ಹೊಸ ನಂಬರ್ ಎಂದು ಗೋಡೆಗೆ ಚೀಟಿ ಅಂಟಿಸಿಕೊಂಡಿದ್ದಾರೆ.

ಸೋಲಾರ್‌ಗೆ 40 ಪರ್ಸೆಂಟ್ ಟ್ಯಾಕ್ಸ್ ಉಳಿಯುತ್ತದೆ ಎಂದು ಕೇಳಿದೆ. ನನ್ನದು ಬೇಕರಿ. — ಹಾಸನದ ಓದುಗರು

40 ಪರ್ಸೆಂಟ್ ಟ್ಯಾಕ್ಸ್ ಅಲ್ಲ, ಸವಕಳಿ. ವ್ಯಾಪಾರಕ್ಕೆ ಹಾಕಿಸಿದ ಸೋಲಾರ್‌ನ ಬೆಲೆಯಲ್ಲಿ ವರ್ಷಕ್ಕೆ 40 ಪರ್ಸೆಂಟ್ ಖರ್ಚು ಎಂದು ತೋರಿಸಬಹುದು. ಮೊದಲ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರರ್ಧ. ಆದರೆ ನೀವು ವಹಿವಾಟಿನ 6 ಅಥವಾ 8 ಪರ್ಸೆಂಟ್ ಲಾಭ ಎಂದು ಅಂದಾಜಿನ ಲೆಕ್ಕದಲ್ಲಿ ರಿಟರ್ನ್ ಹಾಕುವವರಾದರೆ ಸವಕಳಿ ಅದರಲ್ಲೇ ಸೇರಿಹೋಯಿತು, ಬೇರೆ ಸಿಗುವುದಿಲ್ಲ. ಸೂರ್ಯ ಘರ್ ಸಬ್ಸಿಡಿಯೂ ಅಂಗಡಿ ಮೀಟರಿಗೆ ಇಲ್ಲ, ಮನೆಗೆ ಮಾತ್ರ.

48 ಮನೆಗಳ ಅಪಾರ್ಟ್‌ಮೆಂಟ್. ಲಿಫ್ಟ್, ಪಂಪು, ಕಾಮನ್ ಲೈಟುಗಳ ಬಿಲ್ಲೇ ಭಾರ. ನಮಗೂ ಸಬ್ಸಿಡಿ ಇದೆಯಾ? — ಬೆಂಗಳೂರಿನ ಓದುಗರು

ಇದೆ. ಸಂಘಗಳಿಗೆ ಸಾಮಾನ್ಯ ಬಳಕೆಯ ಸೋಲಾರ್‌ಗೆ ಕಿಲೋವ್ಯಾಟ್‌ಗೆ 18,000. ಮನೆಗೆ 3ರಂತೆ, ಒಟ್ಟು 500 ಕಿಲೋವ್ಯಾಟ್ ಮೀರದಂತೆ. ಗಾಡಿ ಚಾರ್ಜಿಂಗ್ ಕೂಡ ಅದರಲ್ಲಿ ಸೇರುತ್ತದೆ. ನಿಮ್ಮ ಲೆಕ್ಕಕ್ಕೆ 144 ಕಿಲೋವ್ಯಾಟ್ ಆಗುತ್ತದೆ, ಆದರೆ ಅಷ್ಟಕ್ಕೆ ಟೆರೇಸ್ ಎಲ್ಲಿದೆ? ಕಿಲೋವ್ಯಾಟ್‌ಗೆ ನೂರು ಚದರಡಿ ಇಟ್ಟುಕೊಂಡು ಅಳೆಯಿರಿ. ಸಾಮೂಹಿಕ ಸೋಲಾರ್ ಹೀಟರ್ ಇದ್ದು ಮನೆಗೆ 100 ಲೀಟರ್ ಲೆಕ್ಕ ಬರುತ್ತಿದ್ದರೆ ಆ 50 ರೂಪಾಯಿ ರಿಬೇಟ್ ಪ್ರತಿ ಫ್ಲ್ಯಾಟಿಗೂ ಉಂಟು. ಟಾಪ್ ಫ್ಲೋರಿನವರು "ಟೆರೇಸ್ ನಮ್ಮದು" ಎಂದು ಜಗಳ ತೆಗೆಯುವುದರ ಬಗ್ಗೆ ನನ್ನನ್ನು ಕೇಳಬೇಡಿ.

ನಾವು ನ್ಯೂಜೆರ್ಸಿಯಲ್ಲಿದ್ದೇವೆ. 2025ರ ಅಕ್ಟೋಬರ್‌ನಲ್ಲಿ ಹೀಟ್ ಪಂಪ್ (ಮನೆಯನ್ನು ಬೆಚ್ಚಗೆ, ತಣ್ಣಗೆ ಇಡುವ ಯಂತ್ರ) ಹಾಕಿಸಿದೆವು. ಸೋಲಾರ್‌ಗೆ ನವೆಂಬರ್‌ನಲ್ಲಿ ಪೂರ್ತಿ ದುಡ್ಡು ಕೊಟ್ಟೆವು, ಹಿಮದಿಂದಾಗಿ ಕೆಲಸ ಮುಗಿದದ್ದು ಜನವರಿಯಲ್ಲಿ. ಎರಡಕ್ಕೂ ಇಲ್ಲಿಯ 30 ಪರ್ಸೆಂಟ್ ಟ್ಯಾಕ್ಸ್ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಲ್ಲೇ ಕಡಿತ) ಸಿಗುತ್ತದಾ? ಅಮ್ಮ ನಿಮ್ಮ ಅಂಕಣ ಓದುತ್ತಾರೆ, ಅವರೇ ಕೇಳು ಅಂದರು.

ಅಮ್ಮನಿಗೆ ನಮಸ್ಕಾರ ತಿಳಿಸಿ. ನಿಮ್ಮ ದೇಶದ ಕಾನೂನು ನಮ್ಮ ಆಡಿಟರ್ ಮಗಳು ಅಲ್ಲೇ ಇರುವುದರಿಂದ ಸಿಕ್ಕಿತು. ಹೀಟ್ ಪಂಪ್‌ಗೆ ಸಿಗುತ್ತದೆ: ಖರ್ಚಿನ 30 ಪರ್ಸೆಂಟ್, ಗರಿಷ್ಠ 2,000 ಡಾಲರ್. ಅರ್ಹತೆ ಇರುವ ಮಾದರಿ ಆಗಿರಬೇಕು, ತಯಾರಕರ ಗುರುತಿನ ಕೋಡ್ ರಿಟರ್ನ್‌ನಲ್ಲಿ ತುಂಬಬೇಕು. ಫಾರಂ 5695. ಆ ವರ್ಷದ ತೆರಿಗೆಯಲ್ಲಿ ಮಾತ್ರ ಕಳೆಯಬಹುದು, ಮುಂದಿನ ವರ್ಷಕ್ಕೆ ತಳ್ಳಲು ಬರುವುದಿಲ್ಲ.

ಸೋಲಾರ್‌ದು ಬೇಜಾರಿನ ಸುದ್ದಿ. 2025ರ ಜುಲೈ 4ರಂದು ಸಹಿಯಾದ ಕಾನೂನಿನಿಂದ ಮನೆ ಸೋಲಾರ್‌ನ ಆ ಕ್ರೆಡಿಟ್ 2025ರ ಡಿಸೆಂಬರ್ 31ಕ್ಕೇ ಮುಗಿಯಿತು. ದುಡ್ಡು ಕೊಟ್ಟ ದಿನ ಲೆಕ್ಕಕ್ಕಿಲ್ಲ, ಕೆಲಸ ಮುಗಿದ ದಿನವೇ ಲೆಕ್ಕ. ಡಿಸೆಂಬರ್ ಒಳಗೆ ಮುಗಿಸಿಕೊಡುತ್ತೇವೆ ಎಂದು ಕಾಂಟ್ರಾಕ್ಟ್‌ನಲ್ಲಿ ಬರೆದುಕೊಟ್ಟಿದ್ದರೆ ಆ ಕಾಗದ ಹಿಡಿದು ಅವರನ್ನೇ ಕೇಳಿ.

ತೆಂಗಿನ ಮರದ ನೆರಳು ಟೆರೇಸ್ ಮೇಲೆ ಬೀಳುತ್ತದೆ. ಸೋಲಾರಿನವರು ಮರ ಕಡಿಯಿರಿ ಅನ್ನುತ್ತಾರೆ. — ತುರುವೇಕೆರೆಯ ಓದುಗರು

ಫಲ ಕೊಡುವ ಮರವನ್ನು ಕಡಿಯುವ ಮೊದಲು ಪ್ಯಾನೆಲ್ಲನ್ನು ಸರಿಸಿ ನೋಡಿ. ಪ್ಯಾನೆಲ್‌ಗಳನ್ನು ಒಂದಕ್ಕೊಂದು ಸರಪಳಿಯಂತೆ ಜೋಡಿಸಿರುತ್ತಾರೆ. ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲು ಸೊರಗಬಹುದು, ಅವರು ಹೇಳುವುದರಲ್ಲಿ ಅಷ್ಟು ಸತ್ಯ ಇದೆ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಮೂರು ಗಂಟೆಗೆ ನೆರಳಿನ ಅಂಚನ್ನು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಡಿಸೆಂಬರ್‌ನಲ್ಲಿ ಒಮ್ಮೆ ಎಳೆದರೆ ಇನ್ನೂ ಒಳ್ಳೆಯದು, ಆಗ ನೆರಳು ಉದ್ದ. ಗೆರೆ ಮುಟ್ಟದ ಜಾಗ ಎಷ್ಟಿದೆಯೋ ಅಷ್ಟೇ ಹಾಕಿಸಿ. 2 ಕಿಲೋವ್ಯಾಟ್ ಆದರೂ 60,000 ಬರುತ್ತದೆ.

ನಮ್ಮ ಮನೆಯಲ್ಲೂ ಇದೇ ಆಯಿತು. ಪ್ಯಾನೆಲ್ ಸ್ಟ್ಯಾಂಡ್ ಮೂರಡಿ ಪೂರ್ವಕ್ಕೆ ಹೋಯಿತು, ಬಟ್ಟೆ ಒಣಗಿಸುವ ತಂತಿ ಪಶ್ಚಿಮಕ್ಕೆ ಬಂತು. ಮೂರು ಗಂಟೆ ಮೇಲೆ ಒಂದು ಗರಿಯ ನೆರಳು ಕೊನೆಯ ಪ್ಯಾನೆಲ್ ಮೇಲೆ ಆಡುತ್ತಿರುತ್ತದೆ. ಆ ಗರಿ ಬೀಳಲಿ ಎಂದು ಕಾಯುತ್ತಿದ್ದೇನೆ.